ಬೂತಿನೊಳಗೆ 20 ನಿಮಿಷ

ಗೆಳೆಯನೊಬ್ಬ ಮಗಳ 16ನೇ ಹುಟ್ಟುಹಬ್ಬಕ್ಕೆ ಸ್ಯಾಲಿಂಜರ್ ಬರೆದ ಕಾದಂಬರಿ ‘ದಿ ಕ್ಯಾಚರ್ ಇನ್ ದ ರೈ’ ಕೊಟ್ಟ. ಕೊಟ್ಟು ಸುಮ್ನಿರಬೇಕಲ್ಲ! ಕೂತರೆ ನಿಂತರೆ ‘ಎಷ್ಟಾಯ್ತು, ಹೇಗಿದೆ’ ಅಂತ ವಿಚಾರಣೆ. ಕೊನೆಗೊಂದು ದಿನ ಅವಳು ‘ಈ ಹುಡುಗ ಬರೀ ಗೊಣಗ್ತಾನೆ ಅಪ್ಪಾ’ ಅಂದುಬಿಟ್ಟಳು. ಅಷ್ಟಕ್ಕೇ ಇವನು ನನಗೆ ಫೋನ್ ಮಾಡಿ, ಈಗಿನ ಮಕ್ಕಳಿಗೆ ಒಳ್ಳೆಯ ಪುಸ್ತಕ ರುಚಿಸೋದೇ ಇಲ್ಲ, ಎಲ್ಲ ಮೊಬೈಲಿನ ಪ್ರಭಾವ ಅಂತ ಮುಕ್ಕಾಲು ಗಂಟೆ ಗೊಣಗಿದ.

ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ? ಕಥಾನಾಯಕ ಹೋಲ್ಡನ್ ಗೊಣಗುತ್ತಾನೆ. ಸ್ಕೂಲಿನಿಂದ ಹೊರಗೆ ಹಾಕಿಸಿಕೊಂಡು, ನ್ಯೂಯಾರ್ಕಿನಲ್ಲಿ ಅಲೆಯುತ್ತಾ, ಕಂಡಕಂಡವರನ್ನೆಲ್ಲ ಸೋಗಲಾಡಿಗಳು ಅಂತ ಜರಿಯುತ್ತಾನೆ. ನನಗೆ ಅದಕ್ಕಿಂತ ಅವನ ಫೋನ್ ಹುಚ್ಚು ಇಷ್ಟ.

ಪೆನ್ ಸ್ಟೇಷನ್ನಿನಲ್ಲಿ ರೈಲಿಳಿದವನೇ ಫೋನ್ ಬೂತಿಗೆ ನುಗ್ಗುತ್ತಾನೆ. ಬ್ಯಾಗುಗಳನ್ನು ಕಣ್ಣಿಗೆ ಕಾಣುವ ಹಾಗೆ ಬಾಗಿಲ ಹೊರಗೇ ಇಟ್ಟಿರುತ್ತಾನೆ. ಸರಿ, ಈಗ ಯಾರಿಗೆ ಮಾಡೋದು? ಅಣ್ಣ ಹಾಲಿವುಡ್ಡಿನಲ್ಲಿ. ಪುಟ್ಟ ತಂಗಿ ಫೀಬಿ ಒಂಬತ್ತಕ್ಕೇ ಮಲಗಿರುತ್ತಾಳೆ. ಎಬ್ಬಿಸಿದರೆ ಅವಳೇನೂ ಅಂದುಕೊಳ್ಳಲ್ಲ, ಆದರೆ ಫೋನ್ ಎತ್ತುವವರು ಅಪ್ಪ ಅಮ್ಮ. ಗೆಳತಿ ಜೇನ್‌ಳ ತಾಯಿಗೆ ಮಾಡಿ ಅವಳಿಗೆ ರಜೆ ಯಾವಾಗ ಅಂತ ಕೇಳಬಹುದು, ಯಾಕೋ ಮನಸ್ಸು ಬರಲ್ಲ. ಇನ್ನೊಬ್ಬ ಗೆಳತಿ ಸ್ಯಾಲಿಗೆ ಮಾಡೋಣ ಅಂದರೆ ಅವಳಮ್ಮ ಎತ್ತಿಬಿಟ್ಟರೆ? ಆಕೆಗೆ ಇವನ ಅಮ್ಮನ ಪರಿಚಯ ಬೇರೆ. ಹಳೆಯ ಸ್ಕೂಲಿನವನು ಇನ್ನೊಬ್ಬನಿದ್ದಾನೆ, ಅವನನ್ನು ಕಂಡರೆ ಇವನಿಗೆ ಅಷ್ಟಕ್ಕಷ್ಟೆ. ಹೀಗೇ ಸುಮಾರು 20 ನಿಮಿಷ ಕಳೆದು, ಯಾರಿಗೂ ಫೋನ್ ಮಾಡದೆ ಹೊರಗೆ ಬರುತ್ತಾನೆ.

1951ರ ಪುಸ್ತಕ, ಬೂತನ್ನೇ ನೋಡದ ಮಕ್ಕಳಿಗೆ ಇದು ಹೇಗೆ ಅರ್ಥವಾಗಬೇಕು ಅಂತ ಕೇಳುವವರಿದ್ದಾರೆ. ಬೂತು ಹಾಳಾಗಿ ಹೋಗಲಿ! ನಡುರಾತ್ರಿ ಕಾಂಟ್ಯಾಕ್ಟ್ ಲಿಸ್ಟನ್ನು ಮೇಲೆ ಕೆಳಗೆ ಓಡಿಸಿ, ಒಬ್ಬಳಿಗೆ ‘ಹಾಯ್’ ಅಂತ ಟೈಪ್ ಮಾಡಿ, ಅಳಿಸಿ, ಫೋನ್ ಮಗುಚಿಟ್ಟು ಮಲಗುವ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾ? ಹಾಗಂತ ಅವನಿಗೆ ಪುಸ್ತಕ ಹಿಡಿಸಲೇಬೇಕು ಅಂತಲೂ ಇಲ್ಲ. ಹಿಡಿಸದೇ ಇರಬಹುದು. ನನಗೇ ಕೆಲವು ಪುಟ ಬೋರು.

ಇನ್ನೊಂದು ತಮಾಷೆ ನೋಡಿ. ಪ್ರಕಟವಾದಾಗ ಸ್ಯಾಲಿಂಜರ್‌ಗೆ 32, ಬರೆದದ್ದೂ ದೊಡ್ಡವರಿಗೆ. ಹದಿಹರೆಯದವರು ತಾವಾಗಿಯೇ ಅದನ್ನು ಎತ್ತಿಕೊಂಡು ಹೋದರು. ಆಮೇಲೆ ಅಮೆರಿಕದ ಕೆಲವು ಶಾಲೆಗಳು ನಿಷೇಧಿಸಿದವು, ಕೆಲವು ಪಾಠಕ್ಕಿಟ್ಟವು. ನಿಷೇಧದಿಂದ ಆದ ಹಾನಿಯೇ ಕಡಿಮೆ ಅಂತ ನನ್ನ ಗುಮಾನಿ. ಎಸ್. ಇ. ಹಿಂಟನ್ ಅಂತೂ 15ರ ವಯಸ್ಸಿಗೇ ‘ದಿ ಔಟ್‌ಸೈಡರ್ಸ್’ ಕಾದಂಬರಿ ಬರೆಯಲು ಕೂತಾಕೆ. ಆಕೆಯದೂ ಒಂದು ಗೊಣಗಾಟವೇ: ತನ್ನ ವಯಸ್ಸಿನವರು ನಿಜವಾಗಿ ಹೇಗಿರುತ್ತಾರೆ ಅಂತ ಯಾರೂ ಬರೆಯುತ್ತಿಲ್ಲ. ಸರಿ, ತಾನೇ ಬರೆದಳು, 1967ರಲ್ಲಿ ಅಚ್ಚಾಯಿತು. ಈಗ ಅದನ್ನೂ ಪಾಠಕ್ಕಿಟ್ಟಿದ್ದಾರೆ, ಪ್ರಶ್ನೆಗಳ ಸಮೇತ.