ಪುಷ್ಯ ಮಳೆಯಲ್ಲಿ ತೀರಿಕೊಂಡ ದೂರು

ನನ್ನ ದೂರು ಹುಟ್ಟಿದ್ದು ಆರಿದ್ರಾ ಮಳೆಯ ಕೊನೆಯಲ್ಲಿ, ತೀರಿಕೊಂಡದ್ದು ಪುಷ್ಯ ಹಿಡಿದ ಮರುದಿನ. ಸಾವಿನ ಸುದ್ದಿ ತಿಳಿಸಿದ್ದು ಮನುಷ್ಯನಲ್ಲ, ತಾನಾಗಿಯೇ ಉತ್ತರ ಬರೆಯುವ ಒಂದು ಬಾಟ್. ಹದಿನಾಲ್ಕು ದಿನಗಳಿಂದ ಯಾವ ಚಟುವಟಿಕೆಯೂ ಕಾಣದಿರುವುದರಿಂದ ಈ ದೂರನ್ನು ಮುಚ್ಚಲಾಗಿದೆ, ನಿಮ್ಮ ಕೊಡುಗೆಗೆ ಧನ್ಯವಾದಗಳು ಎಂದು ಅದು ಬಹಳ ವಿನಯದಿಂದ ಬರೆದಿತ್ತು. ಕೊನೆಯಲ್ಲಿ ಒಂದು ಹೃದಯದ ಚಿತ್ರವೂ ಇತ್ತು.

ಸಂಗತಿ ಸಣ್ಣದು. ಹೊಸನಗರ ತಾಲ್ಲೂಕಿನ ನಮ್ಮ ಮೂಲೆಯ ಹುಡುಗಿಯೊಬ್ಬಳು ಎಂ.ಎಸ್‌ಸಿ.ಯಲ್ಲಿ ಮೊದಲ ರ‍್ಯಾಂಕ್ ಪಡೆದಳು. ಊರಿನವರು ಸನ್ಮಾನಕ್ಕೆ ಮುಂದಾದರು. ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟಲು ಬರುತ್ತದೆಂಬ ಅಪರಾಧಕ್ಕಾಗಿ ಆಮಂತ್ರಣ ಪತ್ರಿಕೆಯ ಕೆಲಸ ನನ್ನ ಪಾಲಿಗೆ ಬಂತು. ನನ್ನದು ಬಿಟ್ಟಿ ಸಿಗುವ, ಯಾರು ಬೇಕಾದರೂ ಒಳಗನ್ನು ತೆರೆದು ತಿದ್ದಬಹುದಾದ ಮುಕ್ತ ತಂತ್ರಾಂಶ. ಕುಟ್ಟುವಾಗ ‘ರ‍್ಯಾಂಕ್’ ಎಂದೇ ಇತ್ತು. ಕಡತ ಉಳಿಸಿ ಮತ್ತೆ ತೆರೆದರೆ ‘ರ್ಯಾಂಕ್’ ಆಗಿ, ಯಕಾರದ ಬಾಲಕ್ಕೆ ಅರ್ಕಾವತ್ತು ನೇತಾಡುತ್ತಿತ್ತು.

ಸೂರ್ಯ, ಕಾರ್ಯಗಳಿಗೆ ಅರ್ಕಾವತ್ತು ಬೇಕು; ರ‍್ಯಾಂಕ್, ರ‍್ಯಾಲಿಗಳಿಗೆ ಬೇಡ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸಲು ಬಳಸುವ ಯುನಿಕೋಡ್‌ನಲ್ಲಿ ಎರಡಕ್ಕೂ ಅಕ್ಷರಗಳು ಅವೇ. ಇವನ್ನು ಬೇರೆ ಮಾಡುವುದಕ್ಕೆ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯ್ನರ್, ಅಗಲ ಸೊನ್ನೆ. ಈ ತಂತ್ರಾಂಶ ಕಡತ ಉಳಿಸುವಾಗ ಆ ಸೊನ್ನೆಯನ್ನು ಕಸವೆಂದು ಗುಡಿಸಿ ಹಾಕುತ್ತಿತ್ತು.

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎಂಬುದು ನಮ್ಮ ಹಿರಿಯರ ಮಾತು. ಮುಕ್ತ ತಂತ್ರಾಂಶದಲ್ಲಿ ಮಾತ್ರ ಎಮ್ಮೆ ಕೊಟ್ಟವರೇ ಬಾಗಿಲಿಗೆ ಬಂದು, ದಯವಿಟ್ಟು ಹಲ್ಲು ಎಣಿಸಿ, ಕಡಿಮೆಯಿದ್ದರೆ ತಿಳಿಸಿ ಎನ್ನುತ್ತಾರೆ. ನಾನು ಎಣಿಸಿದೆ. ‘ಕನ್ನಡ ಸರಿಯಾಗಿ ಬರುತ್ತಿಲ್ಲ. ಕೂಡಲೇ ಸರಿಪಡಿಸಿ’ ಎಂದು ಬರೆದು, ಕಳುಹಿಸುವ ಮೊದಲು ಪಕ್ಕದ ಮನೆಯ ಹುಡುಗನಿಗೆ ತೋರಿಸಿದೆ. ಅವನು ಬೆಂಗಳೂರಿನ ಕೆಲಸವನ್ನು ಊರಿನ ಜಗುಲಿಯಿಂದ ಮಾಡುವವನು.

“ಚಿಕ್ಕಪ್ಪ, ತೋಟ ಹಾಳಾಗಿದೆ, ಕೂಡಲೇ ಸರಿಪಡಿಸಿ ಎಂದು ಕೃಷಿ ವಿಜ್ಞಾನಿಗೆ ಬರೆದರೆ ಅವರು ಏನು ಮಾಡಬೇಕು?” ಎಂದು ಕೇಳಿದ.

ಮಾತು ನಾಟಿತು. ಕೊಳೆರೋಗ ಬಂದಾಗ ಉದುರಿದ ನಾಲ್ಕು ಕಾಯಿಗಳನ್ನು ಕೊಟ್ಟೆಗೆ ಹಾಕಿಕೊಂಡು ಹೋಗುತ್ತೇವೆ. ಮೈಲುತುತ್ತ, ಸುಣ್ಣ ಎಷ್ಟೆಷ್ಟು ಹಾಕಿದ್ದೆವು, ಔಷಧಿ ಹೊಡೆದ ಎಷ್ಟು ಹೊತ್ತಿಗೆ ಮಳೆ ಬಂತು ಎಂಬುದನ್ನೆಲ್ಲ ಒಪ್ಪಿಸುತ್ತೇವೆ. ಕಂಪ್ಯೂಟರಿನ ಮುಂದೆ ಕೂತ ಕೂಡಲೇ ಅದೇ ನಾವು ಜಮೀನ್ದಾರರಾಗುತ್ತೇವೆ.

ಹಾಗಾಗಿ ದೋಷ ತಿಳಿಸುವ ಅವರ ನಮೂನೆಯನ್ನು ಶ್ರದ್ಧೆಯಿಂದ ತುಂಬಿದೆ. ಯಾವ ಆವೃತ್ತಿ, ಯಾವ ಫಾಂಟ್, ಯಾವ ಹೆಜ್ಜೆಗಳನ್ನು ಇಟ್ಟರೆ ದೋಷ ಮರುಕಳಿಸುತ್ತದೆ. ಕಡೆಗೆ ಎರಡು ಪ್ರಶ್ನೆಗಳು: ನಿರೀಕ್ಷಿಸಿದ್ದು ಏನು? ನಡೆದದ್ದು ಏನು? ಇಂಥ ನಮೂನೆ ನಮ್ಮ ಪಂಚಾಯಿತಿಯಲ್ಲಿ ಇರಬೇಕಿತ್ತು ಎನ್ನಿಸಿತು. ನಿರೀಕ್ಷಿಸಿದ್ದು: ರಸ್ತೆ. ನಡೆದದ್ದು: ಮೂರು ಮೈಲಿ.

ಸುದ್ದಿ ಹಬ್ಬಿ ಸಂಜೆಯೊಳಗೆ ಜಗುಲಿ ತುಂಬಿತು. ದೂರು ಕೊಡುವವರು ಒಬ್ಬರೂ ಇಲ್ಲ, ಎಲ್ಲರೂ ಸಲಹೆಗಾರರೇ. ರಾಶಿ ಅಡಿಕೆಯನ್ನು ಈ ವಾರ ಮಂಡಿಗೆ ಹಾಕಬೇಕೋ ದೀಪಾವಳಿಯವರೆಗೆ ಕಾಯಬೇಕೋ ಎಂಬುದನ್ನು ತಂತ್ರಾಂಶವೇ ಹೇಳುವಂತಾಗಬೇಕು ಎಂದರು ನಮ್ಮ ಭಾವ. ಅದು ಪತ್ರ ಬರೆಯುವ ತಂತ್ರಾಂಶ ಭಾವ ಎಂದೆ. “ಬರೆದು ತಿಳಿಸಿದರೂ ಸಾಕು” ಎಂದರು. ಇನ್ನೊಬ್ಬರಿಗೆ ಅಕ್ಷರಗಳ ಬಣ್ಣ ಹಿಡಿಸಿರಲಿಲ್ಲ. ಅಲ್ಲಿದ್ದ ಯಾರೂ ಆ ತಂತ್ರಾಂಶವನ್ನು ತೆರೆದು ನೋಡಿದವರಲ್ಲ. ಪುಕ್ಕಟೆ ಎಂದಾಗ ಮಾತ್ರ ಎಲ್ಲರೂ ಒಮ್ಮೆ ತಿರುಗಿ ನೋಡಿದರು.

ಮೂರನೆಯ ದಿನ ಉತ್ತರ ಬಂತು. ಬರೆದವನು ಯಾವುದೋ ದೇಶದಲ್ಲಿ ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಸಂಬಳವಿಲ್ಲದೆ ಇದನ್ನು ನೋಡಿಕೊಳ್ಳುವ ನಿರ್ವಾಹಕ. ನನ್ನಲ್ಲಿ ಎಲ್ಲವೂ ಸರಿಯಾಗಿದೆ, ನೀವು ಕಳುಹಿಸಿದ ಎರಡು ಪದಗಳ ನಡುವೆ ನನಗೆ ವ್ಯತ್ಯಾಸ ಕಾಣುತ್ತಿಲ್ಲ, ಮಾದರಿ ಕಡತ ಕಳುಹಿಸಿ ಎಂದಿದ್ದ. ‘ನನ್ನಲ್ಲಿ ಸರಿಯಾಗಿದೆ’ ಎಂಬುದು ಈ ಲೋಕದ ಮಹಾವಾಕ್ಯ. ಆದರೂ ಅವನ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡ ಬಾರದವನಿಗೆ ಸೊನ್ನೆ ಅಗಲದ ಅಕ್ಷರವನ್ನು ತೋರಿಸುವುದು ಹೇಗೆ? ಪರವಾನಗಿಯಲ್ಲಿ ಅವನು ಮೊದಲೇ ಹೇಳಿದ್ದಾನೆ: ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇನೆ, ಯಾವ ಖಾತರಿಯೂ ಇಲ್ಲ. ಅಷ್ಟು ಪ್ರಾಮಾಣಿಕವಾದ ಪ್ರಣಾಳಿಕೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಮಾದರಿ ಕಡತ ಸಿದ್ಧಪಡಿಸಿದೆ. ಅಷ್ಟರಲ್ಲಿ ಪುನರ್ವಸು ಹಿಡಿಯಿತು. ಧೂಪದ ಮರವೊಂದು ಲೈನಿನ ಮೇಲೆ ಬಿತ್ತು. ವಿದ್ಯುತ್ ಹೋಯಿತು, ಅದರ ಹಿಂದೆ ಟವರ್ ಹೋಯಿತು. ಬಾಟ್‌ಗೆ ಕೊಟ್ಟ ಗಡುವು ಹದಿನಾಲ್ಕು ದಿನ. ನಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಒಂದು ಮಳೆ. ಮಲೆನಾಡಿನಲ್ಲಿ ಒಂದು ಮಳೆಯ ಕಾಲ ಮಾತಿಲ್ಲದೆ ಕೂತವನು ಸತ್ತಿದ್ದಾನೆಂದು ತೀರ್ಮಾನಿಸಿದರೆ ಜನಗಣತಿ ಮಾಡುವವರಿಗೆ ಕೆಲಸವೇ ಉಳಿಯುವುದಿಲ್ಲ.

ಬಾಟ್‌ನ ಭಾಷೆಯಲ್ಲಿ ‘ಮುಚ್ಚಲಾಗಿದೆ’ ಎಂದಿರುವುದಕ್ಕೆ ತಾಲ್ಲೂಕು ಕಚೇರಿಯಲ್ಲಿ ಹಳೆಯ, ಚೆಂದದ ಶಬ್ದವೊಂದಿದೆ: ವಿಲೇವಾರಿ. ಅರ್ಜಿ ವಿಲೇವಾರಿಯಾಗಿದೆ ಎಂದರೆ ಕೆಲಸವಾಗಿದೆ ಎಂದು ತಿಳಿಯುವವನು ಘಟ್ಟದ ಮೇಲಿನವನಲ್ಲ. ಅರ್ಜಿ ಮೇಜಿನಿಂದ ಹೋಗಿದೆ, ಅಷ್ಟೇ. ದೊಡ್ಡವರ ದೂರುಗಳೂ ಹೀಗೆಯೇ ತೀರುತ್ತವೆ. ಕಂಪ್ಯೂಟರನ್ನು ನಡೆಸುವ ಮುಕ್ತ ತಂತ್ರಾಂಶವಾದ ಉಬುಂಟುವಿನ ಮೊಟ್ಟಮೊದಲ ದೋಷವನ್ನು 2004ರಲ್ಲಿ ದಾಖಲಿಸಿದವರು ಅದನ್ನು ಸ್ಥಾಪಿಸಿದ ಮಾರ್ಕ್ ಶಟಲ್‌ವರ್ತ್. ಮಾರುಕಟ್ಟೆಯ ಹೆಚ್ಚಿನ ಪಾಲು ಮೈಕ್ರೋಸಾಫ್ಟ್‌ನ ಕೈಯಲ್ಲಿದೆ ಎಂಬುದೇ ಆ ದೋಷ. 2013ರಲ್ಲಿ ಅವರೇ ಅದನ್ನು ಮುಚ್ಚಿದರು. ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಮೈಕ್ರೋಸಾಫ್ಟ್ ಕೂತಲ್ಲೇ ಕೂತಿತ್ತು. ಜನ ಮೊಬೈಲ್ ಹಿಡಿದು ಎದ್ದು ಹೋಗಿದ್ದರು. ರಸ್ತೆಗುಂಡಿ ಮುಚ್ಚುವ ಮೊದಲೇ ಬಸ್ಸಿನ ದಾರಿ ಬದಲಾದರೆ ಗುಂಡಿಯ ಅರ್ಜಿಯೂ ಹೀಗೆಯೇ ಸುಖವಾಗಿ ವಿಲೇವಾರಿಯಾಗುತ್ತದೆ.

ದೂರಿಗೆ ಶಕ್ತಿಯೇ ಇಲ್ಲವೆಂದು ತಿಳಿಯಬೇಡಿ. ಎಕ್ಸ್‌ಜೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶವನ್ನು ಒಬ್ಬನೇ ದಣಿದು ನೋಡಿಕೊಳ್ಳುತ್ತಿದ್ದ. ಕೆಲಸ ತಡವಾಗುತ್ತಿದೆ, ಇನ್ನೊಬ್ಬರಿಗೆ ಬಿಟ್ಟುಕೊಡು ಎಂದು 2022ರಲ್ಲಿ ಅವನ ಮೇಲೆ ಗೊಣಗಾಟದ ಒತ್ತಡ ಬಿತ್ತು. ನೆರವಿಗೆ ಬಂದು ವಿಶ್ವಾಸ ಗಳಿಸಿದ್ದ ಮತ್ತೊಬ್ಬನ ಕೈಗೆ ಬೀಗದಕೈ ಸಿಕ್ಕಿತು. ಅವನು ಆ ತಂತ್ರಾಂಶದಲ್ಲಿ ಕಳ್ಳತನದಿಂದ ಒಳನುಗ್ಗಲು ಹಿತ್ತಿಲ ಬಾಗಿಲು ಕೊರೆದ. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅವರಿಗೆ ಅನುಮಾನ ಬಂದಿತ್ತು. ಅರ್ಧ ಸೆಕೆಂಡ್! ಆರೂವರೆಯ ಬಸ್ಸು ಎಂಟಕ್ಕೆ ಬಂದರೆ “ಇವತ್ತು ಬೇಗ ಬಂತು” ಎನ್ನುವ ಊರಿನಿಂದ ನಾನು ಬರೆಯುತ್ತಿದ್ದೇನೆ.

ಮಾದರಿ ಕಡತದೊಂದಿಗೆ ದೂರನ್ನು ಮತ್ತೆ ಸಲ್ಲಿಸಲೆಂದು ಪುಷ್ಯದ ಒಂದು ಸಂಜೆ ಕೊಡೆ ಹಿಡಿದು ಗುಡ್ಡದ ಬಂಡೆ ಹತ್ತಿದೆ. ಆ ಹೊತ್ತಿಗೆ ನಮ್ಮಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಕೈಕಾಲಿನ ಇಂಬಳ ಕಿತ್ತುಕೊಳ್ಳುತ್ತ ಕಳುಹಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು: ಇದು ಹಳೆಯ ದೂರಿನ ನಕಲು, ಆದ್ದರಿಂದ ಮುಚ್ಚಲಾಗಿದೆ. ಯಾವ ಹಳೆಯ ದೂರು ಎಂದು ಕೊಂಡಿ ಒತ್ತಿದೆ. ನನ್ನದೇ, ತೀರಿಕೊಂಡದ್ದು.

ಸನ್ಮಾನ ಅಷ್ಟರಲ್ಲಿ ಮುಗಿದಿತ್ತು. ಪತ್ರಿಕೆಯಲ್ಲಿ ‘ಮೊದಲ ಸ್ಥಾನ’ ಎಂದು ಅಚ್ಚು ಹಾಕಿಸಿದ್ದೆವು.

ಬಂಡೆಯ ಮೇಲೆ ಭಾವನೂ ಇದ್ದರು. ಲೈನಿನ ಮೇಲೆ ಮರ ಬಿದ್ದ ದಿನವೇ ಸಹಾಯವಾಣಿಗೆ ತಿಳಿಸಿದ್ದರಂತೆ. ಈಗ ಅವರ ಮೊಬೈಲ್ ಗುಂಯ್ ಎಂದಿತು. ಕನ್ನಡಕ ಏರಿಸಿ ಓದಿದರು. “ನಿಮ್ಮ ದೂರನ್ನು ಪರಿಹರಿಸಲಾಗಿದೆ, ಸೇವೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ್ದಾರೆ ಮಾರಾಯರೇ.”

ಇಬ್ಬರೂ ಊರಿನ ಕಡೆಗೆ ನೋಡಿದೆವು. ಕೆಳಗೆ ಒಂದು ದೀಪವೂ ಇರಲಿಲ್ಲ. ಭಾವ ಐದಕ್ಕೆ ಐದು ಕೊಟ್ಟು, ಟಾರ್ಚ್ ಹೊತ್ತಿಸಿ, ಇಳಿಯತೊಡಗಿದರು.