ಅವರಿಗೂ ಒಂದು ಕುರ್ಚಿ ಹಾಕಿ

ಇವತ್ತು ಮಂಗಳವಾರ. ಮನೆಗೆ ಬಂದು ಕೈಕಾಲು ತೊಳೆದು ಕೂತರೂ ಬೆಳಿಗ್ಗೆ ನೋಡಿದ್ದು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಅಂದರೆ ಮನೋರೋಗಿಗಳ ಮತ್ತು ಮನೆಯವರ ಜೊತೆ ಮಾತಾಡಿ ನೆರವಾಗುವವಳು. ಮಂಗಳವಾರ ಬಂತೆಂದರೆ ನಮ್ಮ ತಂಡ ಯಾವುದಾದರೂ ತಾಲೂಕು ಆಸ್ಪತ್ರೆಯಲ್ಲಿರುತ್ತೆ, ಮನೋಚೈತನ್ಯ ಅನ್ನುವ ಮಾನಸಿಕ ಚಿಕಿತ್ಸೆಯ ಕ್ಲಿನಿಕ್ಕಿಗೆ. ಇವತ್ತು ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಇಪ್ಪತ್ತೆರಡು. ಎಂಟು ತಿಂಗಳಿಂದ ಮನೆಯಿಂದ ಹೊರಗೆ ಬರುತ್ತಿಲ್ಲ, ಯಾರೋ ಬೈಯುವುದು ಕೇಳಿಸುತ್ತೆ ಅನ್ನುತ್ತಾನೆ. ಮೂರು ದೇವಸ್ಥಾನ, ಒಂದು ದರ್ಗಾ ಸುತ್ತಿ ಆಗಿತ್ತು. ತಾಯಿಯ ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ಓಪಿ ಚೀಟಿ, ಆಧಾರ್ ಜೆರಾಕ್ಸ್, ಕಪ್ಪು ದಾರದ ಒಂದು ತಾಯತ.

ಡಾಕ್ಟರು ನೋಡಿದರು, ಮಾತ್ರೆ ಬರೆದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಆ ತಾಯಿ ಏಳಲಿಲ್ಲ. ಚೀಟಿಯನ್ನು ಮಡಚುತ್ತಾ ಬಿಚ್ಚುತ್ತಾ, "ಇದು ಸಾಯೋವರೆಗೂ ತಗೋಬೇಕಾ ಸಾರ್?" ಅಂದರು.

ನಮ್ಮಲ್ಲಿ ಬ್ಲಾಕ್ ಪ್ಲೇಸ್‌ಮೆಂಟಿಗೆ, ಅಂದರೆ ನಾಲ್ಕು ವಾರದ ತರಬೇತಿಗೆ ಬಂದಿರುವ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ) ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಪಾಪ, ಸಹಾಯ ಮಾಡಬೇಕು ಅಂತಲೇ ಬಾಯಿ ತೆರೆದಳು. "ನಿಯಮಿತವಾಗಿ ಔಷಧಿ ತಗೊಂಡ್ರೆ ಲಕ್ಷಣಗಳು ನಿಯಂತ್ರಣಕ್ಕೆ ಬರ್ತವೆ ಅಮ್ಮ" ಅಂದಳು. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಆ ತಾಯಿಯ ಮುಖ ಹಾಗೇ ಇತ್ತು.

ಆಗ ಬಾಗಿಲ ಪಕ್ಕ ನಿಂತಿದ್ದ ನಮ್ಮ ಅಣ್ಣ ಒಳಗೆ ಬಂದ. ನಾವೆಲ್ಲ ಅಣ್ಣ ಅಂತಲೇ ಕರೆಯುವುದು. ಅವನಿಗೂ ಸ್ಕಿಜೋಫ್ರೇನಿಯಾ, ಇಲ್ಲದ ಧ್ವನಿ ಕೇಳಿಸುವಂಥ ಕಾಯಿಲೆ. ನಸುಕಿನಲ್ಲಿ ಬೇಕರಿ ಕೆಲಸ ಮುಗಿಸಿ ಮಂಗಳವಾರ ನಮ್ಮ ಜೊತೆ ಬರುತ್ತಾನೆ. ತಾಯಿಯ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ನಾನೂ ತಗೋತಿದ್ದೀನಿ. ಒಂಬತ್ತು ವರ್ಷ ಆಯ್ತು. ಶುರೂಲಿ ನಿದ್ದೆ ಜಾಸ್ತಿ ಬರ್ತದೆ, ಬಾಯಿ ಒಣಗ್ತದೆ, ನೀರು ಕೊಡ್ತಾ ಇರಿ. ಏಳೋ ಸೋಮಾರಿ ಅಂತ ಮಾತ್ರ ಬೈಬೇಡಿ. ನಮ್ಮವ್ವ ಬೈತಿದ್ಲು. ಆ ಸಿಟ್ಟಿಗೆ ನಾನು ಮಾತ್ರೆ ಕಿಟಕಿಯಾಚೆ ಎಸೀತಿದ್ದೆ."

ತಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕೆಲ್ಸಕ್ಕೆ ಹೋಗ್ತೀಯಾ ಮಗಾ?"

"ಬೇಕರೀಲಿ. ಇವತ್ತಿನ ಬನ್ ನಾನೇ ಮಾಡಿದ್ದು."

ಅಲ್ಲಿವರೆಗೂ ತಲೆ ತಗ್ಗಿಸಿ ಕೂತಿದ್ದ ಮಗ ತಲೆ ಎತ್ತಿ ಅಣ್ಣನ ಮುಖ ನೋಡಿದ. ಒಂದೇ ಸಲ. ನನ್ನ ಕಣ್ಣು ತುಂಬಿ ಬಂತು, ರಿಜಿಸ್ಟರ್ ನೋಡುವ ಹಾಗೆ ತಲೆ ಬಗ್ಗಿಸಿದೆ.

ಆಮೇಲೆ ಕೋಣೆ ನೋಡಿದೆ. ನಾಲ್ಕು ಕುರ್ಚಿ. ಡಾಕ್ಟರಿಗೊಂದು, ನನಗೊಂದು, ಹುಡುಗನಿಗೊಂದು, ತಾಯಿಗೊಂದು. ಕಲಿಯಲು ಬಂದವಳು ಗೋಡೆಗೆ ಒರಗಿ ನಿಂತಿದ್ದಾಳೆ. ನಮ್ಮೆಲ್ಲರಿಗಿಂತ ಜಾಸ್ತಿ ಗೊತ್ತಿರುವವನು ನೆಲದಲ್ಲಿ ಕೂತಿದ್ದಾನೆ. ಸಿಟ್ಟು ಬಂತು, ನಿಜವಾಗಲೂ ಸಿಟ್ಟು ಬಂತು.

ನಮ್ಮ ಕಡೆ ತರಬೇತಿ ಅಂದರೆ ಏನು ನಡೆಯುತ್ತೆ ಅಂತ ಹೇಳುತ್ತೇನೆ ಕೇಳಿ. ಕಾಲೇಜಿನಿಂದ ಮಕ್ಕಳು ನಾಲ್ಕು ವಾರಕ್ಕೆ ಬರುತ್ತಾರೆ. ಮೊದಲ ವಾರ ರಿಜಿಸ್ಟರ್ ತುಂಬಿಸುತ್ತೇವೆ. ಎರಡನೇ ವಾರ ಕಂಪ್ಯೂಟರಿನಲ್ಲಿ ಅದನ್ನೇ ತುಂಬಿಸುತ್ತೇವೆ. ಮೂರನೇ ವಾರ ಯಾವುದೋ ಶಾಲೆಯಲ್ಲಿ ಜಾಗೃತಿ ಕಾರ್ಯಕ್ರಮ, ಮಕ್ಕಳು ಬ್ಯಾನರ್ ಹಿಡಿಯುತ್ತಾರೆ, ಫೋಟೋ ಆಗುತ್ತೆ. ನಾಲ್ಕನೇ ವಾರ ವರದಿ, ಸಹಿ, ಸೀಲು. ಹೋಗಿ ಬಾ ಮಗಳೇ. ಆ ಮಗು ಒಬ್ಬ ನೊಂದ ಮನುಷ್ಯನ ಎದುರು ಅರ್ಧ ಗಂಟೆ ಕೂತಿರುವುದಿಲ್ಲ. ಇದೇ ಹುಡುಗಿ ನಾಳೆ ಯಾವುದೋ ಜಿಲ್ಲೆಯಲ್ಲಿ ನನ್ನದೇ ಹುದ್ದೆಗೆ ಬರುತ್ತಾಳೆ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿ ಎರಡು ಗಂಟೆಗೆ ಯಾರೋ ಫೋನ್ ಮಾಡಿದಾಗ ಆ ಕಡೆಯಿಂದ ಎತ್ತುವವಳೂ ಇವಳೇ ಆಗಬಹುದು. ರಿಜಿಸ್ಟರ್ ತುಂಬಿಸಿದ ಅನುಭವ ಅಲ್ಲಿ ಏನು ಉಪಯೋಗಕ್ಕೆ ಬರುತ್ತೆ?

ಇನ್ನು ಅಣ್ಣನಂಥವರು. ಇಂಗ್ಲಿಷಿನವರು ಪೀರ್ ಅನ್ನುತ್ತಾರೆ, ನಾನು ಅನುಭವಸ್ಥರು ಅನ್ನುತ್ತೇನೆ. ಅವರ ನೆನಪಾಗುವುದು ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ. ವೇದಿಕೆಗೆ ಕರೆದು ಶಾಲು ಹೊದಿಸಿ, ಐದು ನಿಮಿಷದಲ್ಲಿ ನಿಮ್ಮ ಕಥೆ ಹೇಳಿ ಅನ್ನುತ್ತಾರೆ. ಅವನು ಜೀವನದ ಅತಿ ಕೆಟ್ಟ ದಿನಗಳನ್ನು ಮೈಕ್ ಮುಂದೆ ಬಿಚ್ಚಿಡುತ್ತಾನೆ. ಚಪ್ಪಾಳೆ. 11ನೇ ತಾರೀಖು ಅವನು ಹೇಗಿದ್ದಾನೆ, ರಾತ್ರಿ ನಿದ್ದೆ ಬಂತಾ ಅಂತ ಕೇಳುವವರಿಲ್ಲ.

ಒಂದು ಮಾತು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಎಂಫಿಲ್ ಮುಗಿಸಿ ಬಂದಿದ್ದೆ, ಎರಡು ವರ್ಷ ಓದಿದ್ದು ಬಾಯಿಪಾಠ ಇತ್ತು. ಮದುವೆಯಾಗಿ ವರ್ಷ ತುಂಬದ ಒಬ್ಬಳು ಹುಡುಗಿ ಬಂದಳು. ಅತ್ತೆ ಪಕ್ಕದಲ್ಲೇ ಕೂತಿದ್ದರು. ಹುಡುಗಿ ಬಾಯಿ ಬಿಡಲಿಲ್ಲ. ಸಾಯಬೇಕು ಅನ್ನಿಸಿದೆಯಾ ಅಂತ ನಾನು ಕೇಳಬೇಕಿತ್ತು. ನಾಲಿಗೆ ತುದಿಗೆ ಬಂತು, ಕೇಳಲಿಲ್ಲ. ಅತ್ತೆ ಏನಂದುಕೊಳ್ಳುತ್ತಾರೋ, ನಾನೇ ತಲೆಗೆ ಹುಳ ಬಿಟ್ಟ ಹಾಗೆ ಆಗುತ್ತೋ ಅಂತ ಹೆದರಿದೆ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಕೇಳಿದವರ ಹತ್ತಿರ ಮನಸ್ಸು ಹಗುರ ಮಾಡಿಕೊಳ್ಳಬಹುದು ಅಂತ ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಎರಡು ವಾರ ಕಳೆದು ಅವಳನ್ನು ಎಮರ್ಜೆನ್ಸಿಗೆ ತಂದರು. ಬದುಕಿದಳು. ಈಗ ಚೆನ್ನಾಗಿದ್ದಾಳೆ, ಸಂತೆಯಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ. ಆ ದಿನ ನನ್ನ ಪಕ್ಕ ಅನುಭವ ಇದ್ದವರು ಒಬ್ಬರು ಕೂತಿದ್ದರೆ, ಅತ್ತೆಯನ್ನು ಐದು ನಿಮಿಷ ಹೊರಗೆ ಕಳಿಸಿ ಕೇಳು ಅಂತ ಕಣ್ಣಲ್ಲೇ ಹೇಳುತ್ತಿದ್ದರು. ಯಾರೂ ಇರಲಿಲ್ಲ. ಒಬ್ಬಳೇ ಕಲಿತೆ. ನನ್ನ ಕಲಿಕೆಯ ಬೆಲೆ ಅವಳು ಕೊಟ್ಟಳು.

ಅದಕ್ಕೇ ಕುರ್ಚಿ, ಕುರ್ಚಿ ಅಂತ ಬಡಕೊಳ್ಳುವುದು. ಈ ಕೆಲಸವನ್ನು ಪಕ್ಕದಲ್ಲಿ ಕೂತೇ ಕಲಿಯಬೇಕು. ಅಡುಗೆ ಕಲಿತ ಹಾಗೆ, ಮಗ್ಗದ ಕೆಲಸ ಕಲಿತ ಹಾಗೆ.

ಇದನ್ನು ನಾನು ಹೊಸದಾಗಿ ಹೇಳುತ್ತಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಟೆಂಟ್ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗೇ ಇರಿಸಿಕೊಂಡರು. ಜೊತೆಗಿದ್ದು ನೋಡಿದ ಅಪ್ಪ ಅಮ್ಮ ಹೆದರಿಕೆ ಬಿಟ್ಟು ಮಗನನ್ನು ಮನೆಗೆ ಕರೆದುಕೊಂಡು ಹೋದರು. ನಮ್ಮ ಬಳ್ಳಾರಿಯನ್ನೇ ನೋಡಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ, ಮಾನಸಿಕ ಚಿಕಿತ್ಸೆ ಹಳ್ಳಿಯ ಹತ್ತಿರವೂ ಸಿಗುತ್ತೆ ಅಂತ ತೋರಿಸಿದರು. ಆ ಮಾದರಿಯ ಮೇಲೇ 1996ರಲ್ಲಿ ದೇಶದ 4 ಜಿಲ್ಲೆಗಳಲ್ಲಿ ಈ ಕಾರ್ಯಕ್ರಮ ಶುರುವಾಗಿದ್ದು. ನಾನು ಇವತ್ತು ತಿನ್ನುವ ಅನ್ನದ ಮೂಲ ಬಳ್ಳಾರಿ. ಸ್ಪೆಷಲಿಸ್ಟ್ ಅಲ್ಲದವರಿಗೆ ಕಲಿಸಿಯೇ ಬೆಳೆದ ಕಾರ್ಯಕ್ರಮದಲ್ಲಿ ಈಗ ಕಲಿಸಲು ಯಾರಿಗೂ ಟೈಮಿಲ್ಲ!

ಟೈಮಿಲ್ಲದೆ ಹೇಗೆ ನಡೆಯುತ್ತೆ? ನಿಮ್ಹಾನ್ಸ್ 12 ರಾಜ್ಯಗಳಲ್ಲಿ ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 15 ಕೋಟಿ ಜನರಿಗೆ ಮಾನಸಿಕ ಚಿಕಿತ್ಸೆ ಬೇಕು. ಬೇರೆ ಬೇರೆ ಕಾಯಿಲೆಗಳಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಅದು ಸಿಗುತ್ತಿಲ್ಲ. ಲಕ್ಷ ಜನಕ್ಕೆ ಒಬ್ಬರು ಮನೋವೈದ್ಯರೂ ಇಲ್ಲದ ದೇಶ ಇದು. ಈ ಮಕ್ಕಳು, ಈ ಅಣ್ಣಂದಿರು ಬಿಟ್ಟರೆ ಇನ್ನು ಯಾರು ಬರುತ್ತಾರೆ?

ಮಧ್ಯಾಹ್ನ ಅಣ್ಣನಂಥವರಿಗೂ ಕುರ್ಚಿ ಹಾಕಬೇಕು ಅನ್ನುವ ಮಾತು ಎತ್ತಿದಾಗ ಜೊತೆಯಲ್ಲಿದ್ದವರೊಬ್ಬರು, "ಮೇಡಂ, ಅವರಿಗೇ ಮತ್ತೆ ಕಾಯಿಲೆ ಜಾಸ್ತಿ ಆದ್ರೆ? ರೋಗಿಗಳ ಗುಟ್ಟು ಹೊರಗೆ ಹೋದ್ರೆ?" ಅಂದರು. ಆಗಬಹುದು. ಕಾಯಿಲೆ ಜಾಸ್ತಿ ಆದರೆ ರಜೆ ತಗೊಳ್ಳುತ್ತಾನೆ. ಹೋದ ವರ್ಷ ನನಗೆ ಟೈಫಾಯ್ಡ್ ಬಂದು ಮೂರು ವಾರ ಮಲಗಿದ್ದೆ, ನನ್ನ ಕುರ್ಚಿ ಯಾರೂ ಕಿತ್ತುಕೊಳ್ಳಲಿಲ್ಲ. ಗುಟ್ಟಿನ ಮಾತಂತೂ ನನ್ನ ಹತ್ತಿರ ಹೇಳಬೇಡಿ. ರೋಗಿಯ ಹೆಸರು ಹಿಡಿದು ಕಾರಿಡಾರಿನಲ್ಲಿ ಕೂಗುವವರು ಯಾರು ಅಂತ ನಮಗೆಲ್ಲ ಗೊತ್ತು, ಅದು ಅಣ್ಣ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ, ರೋಗಿಗಳ ಹಕ್ಕಿನ ದೂರು ಕೇಳುವ ಪರಿಶೀಲನಾ ಮಂಡಳಿಯಲ್ಲಿ ಜಿಲ್ಲಾ ನ್ಯಾಯಾಧೀಶರ ಜೊತೆ ಕಾಯಿಲೆ ಇರುವವರು, ಅವರನ್ನು ನೋಡಿಕೊಳ್ಳುವವರು ಸದಸ್ಯರಾಗಿ ಕೂರಬಹುದು ಅಂದಿದೆ. ಕಾನೂನು ಹಾಕಿದ ಕುರ್ಚಿಯನ್ನು ತಾಲೂಕು ಆಸ್ಪತ್ರೆಯ ಕೋಣೆಯಲ್ಲಿ ಹಾಕಲು ನಮಗೆ ಯಾಕೆ ಇಷ್ಟು ಅನುಮಾನ?

ಅನುಭವಸ್ಥರಿಗೆ ತರಬೇತಿ ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಬೇಕು. ಅಣ್ಣ ಮೊದಮೊದಲು ಬಂದವರಿಗೆಲ್ಲ ತನ್ನ ಕಥೆ ಪೂರ್ತಿ ಹೇಳಿಬಿಡುತ್ತಿದ್ದ. ವೇದಿಕೆಯ ಅಭ್ಯಾಸ ಅದು. ಆಮೇಲೆ ಎರಡು ದಿನ ಮಂಕಾಗಿ ಇರುತ್ತಿದ್ದ. ನಾವಿಬ್ಬರೂ ಕೂತು ಮಾತಾಡಿದೆವು. ಎದುರಿನವರಿಗೆ ಬೇಕಾದಷ್ಟೇ, ಒಂದು ಚಮಚ ಹೇಳು, ಉಳಿದದ್ದು ನಿನ್ನದು ಅಂದೆ. ಮಾತ್ರೆ ಜಾಸ್ತಿ ಕಡಿಮೆ ಮಾಡು ಅಂತ ಯಾರಿಗೂ ಹೇಳಬಾರದು. ಸಾಯುವ ಮಾತು ಬಂದರೆ ತಡಮಾಡದೆ ನನ್ನನ್ನು ಕರೆಯಬೇಕು. ಇದನ್ನೆಲ್ಲ ಕಲಿಯಲು ಅವನಿಗೆ ಒಂದು ವರ್ಷ ಹಿಡಿಯಿತು. ಇವತ್ತು ಆ ತಾಯಿಗೆ ಅವನು ಹೇಳಿದ್ದು ಎಷ್ಟು? ನಿದ್ದೆ, ನೀರು, ಬೈಗುಳ, ಬನ್ನು. ಅಷ್ಟೇ.

ಊಟ ಆದ ಮೇಲೆ ಹುಡುಗಿಯನ್ನೂ ಅಣ್ಣನನ್ನೂ ಒಟ್ಟಿಗೆ ಕೂರಿಸಿದೆ. ಬೆಂಚು ಖಾಲಿ ಇತ್ತು. ಧ್ವನಿ ಕೇಳಿಸುತ್ತಾ ಅಂತ ಹೇಗೆ ಕೇಳಬೇಕು ಅಣ್ಣ, ಹೇಳಿಕೊಡು ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. "ಧ್ವನಿ ಕೇಳ್ತದಾ ಅಂದ್ರೆ ನಾನು ಇಲ್ಲ ಅಂತಿದ್ದೆ ಮೇಡಂ. ಹೌದು ಅಂದ್ರೆ ಹುಚ್ಚ ಅಂತಾರಲ್ಲ. ಯಾರಾದ್ರೂ ನಿಮಗೆ ತೊಂದ್ರೆ ಕೊಡ್ತಿದಾರಾ, ರಾತ್ರಿ ಮಲಗೋಕೆ ಬಿಡ್ತಾರಾ ಅಂತ ಕೇಳಿದ್ರೆ ಹೇಳ್ತಿದ್ದೆ." ಹುಡುಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೂರು ವಾರದಲ್ಲಿ ಅವಳು ಬರೆದುಕೊಂಡಿದ್ದು ಅದೇ ಮೊದಲು.

ಇದಕ್ಕೆ ಅಣ್ಣನಿಗೆ ಸಿಗುವುದೇನು? ನಮ್ಮ ಡಬ್ಬಿಯ ಊಟ, ಬಸ್ ಚಾರ್ಜಿಗೆ ನಾವು ಕೈಯಿಂದ ಹಾಕುವ ದುಡ್ಡು. ಮಂಗಳವಾರ ಬೇಕರಿಯಲ್ಲಿ ಅವನಿಗೆ ಅರ್ಧ ಕೂಲಿ. ಸೇವೆ ಅನ್ನುವ ಮಾತು ಇಲ್ಲಿ ಯಾರೂ ತೆಗೆಯಬೇಡಿ. ಸೇವೆ ಮಾಡುವ ನಮಗೆಲ್ಲ ತಿಂಗಳ ಕೊನೆಗೆ ಸಂಬಳ ಬರುತ್ತೆ. ನಾನೂ ಕಾಂಟ್ರ್ಯಾಕ್ಟ್ ಮೇಲೆಯೇ ಇರುವವಳು, ತಡವಾಗಿ ಬರುವ ಸಂಬಳದ ಕಷ್ಟ ಗೊತ್ತು. ಆದರೂ ಬರುತ್ತೆ. ಅಣ್ಣನ ಕೆಲಸಕ್ಕೆ ಹುದ್ದೆಯ ಹೆಸರು ಬೇಕು, ದಿನಕ್ಕೆ ಇಷ್ಟು ಅಂತ ದುಡ್ಡು ಬೇಕು, ಹಾಜರಾತಿ ಪುಸ್ತಕದಲ್ಲಿ ಅವನಿಗೊಂದು ಸಾಲು ಬೇಕು. ಮೇಲಿನವರಿಗೆ ಮೂರು ಸಲ ಬರೆದಿದ್ದೇನೆ. ನಾಲ್ಕನೇ ಸಲವೂ ಬರೆಯುತ್ತೇನೆ.

ಕಾಲೇಜುಗಳಲ್ಲಿ ಪಾಠ ಮಾಡುವ ಗೆಳತಿಯರು, ಗೆಳೆಯರು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಹತ್ತಿರ ಕೇಳುವುದು ಇಷ್ಟೇ. ನಾಲ್ಕು ವಾರಕ್ಕೆ ಹತ್ತು ಮಕ್ಕಳನ್ನು ಕಳಿಸಬೇಡಿ. ಇಬ್ಬರನ್ನು ಕಳಿಸಿ, ವಾರಕ್ಕೊಂದು ದಿನ, ಪೂರ್ತಿ ವರ್ಷ. ವರದಿಯ ಪುಟ ಎಣಿಸಬೇಡಿ, ಎಷ್ಟು ಜನರ ಎದುರು ಕೂತೆ ಅಂತ ಕೇಳಿ. ರಿಜಿಸ್ಟರ್ ನಾನು ತುಂಬಿಸಿಕೊಳ್ಳುತ್ತೇನೆ.

ಆ ತಾಯಿ ಮಗನಿಗೆ ಹದಿನಾಲ್ಕು ದಿನಕ್ಕೆ ಮತ್ತೆ ಬರಲು ಹೇಳಿದ್ದೇವೆ. ಅಣ್ಣ ಇರ್ತಾನಾ ಅಂತ ಹೋಗುವಾಗ ಕೇಳಿದರು. ಡ್ರೆಸ್ಸಿಂಗ್ ರೂಮಿನ ಸಿಸ್ಟರ್ ಎರಡು ಸ್ಟೂಲ್ ಕೊಡುತ್ತೇನೆ ಅಂದಿದ್ದಾರೆ, ಸಂಜೆಗೆ ವಾಪಸ್ ಕೊಡಬೇಕಂತೆ. ಬರುವ ಮಕ್ಕಳಿಗೆ ಹೇಳಿ, ಒಂಬತ್ತು ಗಂಟೆಗೆ ಅಲ್ಲಿರಬೇಕು. ಹತ್ತಿರದಲ್ಲಿ ಹೋಟೆಲ್ ಇಲ್ಲ, ಡಬ್ಬಿ ತರಬೇಕು.