ನಿಮಿಷಕ್ಕೆ 67 ಕೋಟಿ ಮಿಲಿಮೀಟರ್, ಸಾಕಾ?

ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಿಸಿ ಕೊಡುವ ಯೂನಿಟ್ ಕನ್ವರ್ಟರ್ ತೆರೆದು ವೇಗದ ಪಟ್ಟಿಯನ್ನು ಕೊನೆಯವರೆಗೂ ಎಳೆದು ನೋಡಿದ್ದೀರಾ? ಮೇಲುಗಡೆ ಇರುವವರೆಲ್ಲ ಮರ್ಯಾದಸ್ಥರು. ಗಂಟೆಗೆ ಕಿಲೋಮೀಟರ್, ಗಂಟೆಗೆ ಮೈಲಿ, ಹಡಗಿನವರ ನಾಟ್. ಕೆಲವು ಕನ್ವರ್ಟರ್‌ಗಳಲ್ಲಿ ಇನ್ನೂ ಕೆಳಗೆ ಇಳಿದರೆ ಮೊದಲನೇ ಕಾಸ್ಮಿಕ್ ವೇಗ, ಎರಡನೇದು, ಮೂರನೇದು ಅಂತ ಮೂವರು ಸಾಲಾಗಿ ಕೂತಿರುತ್ತಾರೆ. ಮೊದಲನೆಯದು ಸೆಕೆಂಡಿಗೆ 7.9 ಕಿ.ಮೀ., ಭೂಮಿಗೆ ಬೀಳದೆ ಸುತ್ತು ಹಾಕುತ್ತಾ ಇರುವುದಕ್ಕೆ. ಎರಡನೆಯದು 11.2, ಭೂಮಿಯ ಸೆಳೆತವನ್ನೇ ಬಿಡಿಸಿಕೊಂಡು ಹೋಗುವುದಕ್ಕೆ. ಶಾಲೆಯಲ್ಲಿ ವಿಮೋಚನಾ ವೇಗ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಮೂರನೆಯದು 16.7, ಸೂರ್ಯನಿಗೂ ಟಾಟಾ ಹೇಳುವವರಿಗೆ.

ಅದೇ ಪಟ್ಟಿಯಲ್ಲಿ ನಿಮಿಷಕ್ಕೆ ಮಿಲಿಮೀಟರ್ ಕೂಡ ಇದೆ. ಎಡಗಡೆ ಎರಡನೇ ಕಾಸ್ಮಿಕ್ ವೇಗ, ಬಲಗಡೆ ನಿಮಿಷಕ್ಕೆ ಮಿಲಿಮೀಟರ್ ಹಾಕಿ ಒತ್ತಿದರೆ ಉತ್ತರ ಬರುತ್ತದೆ: 67,20,00,000. ತಿರುಗಿಸಿ ಹಾಕಿದರೆ ಸೊನ್ನೆಗಳ ಮೆರವಣಿಗೆ ಮುಗಿದ ಮೇಲೆ ಕೊನೆಗೆ ಒಂದು 149.

ಯಾರು ಕೇಳಿದ್ದರು ಸ್ವಾಮಿ ಇದನ್ನ?

ಈ ಎರಡೂ ಲೆಕ್ಕ ಬೇಕಾದವರು ಇಲ್ಲವೇ ಇಲ್ಲ ಅಂತಲ್ಲ. ತಮಾಷೆ ಅಂದರೆ ಇಬ್ಬರೂ ಬೆಂಗಳೂರಿನ ಪೀಣ್ಯದಲ್ಲೇ ಇದ್ದಾರೆ. ಅಲ್ಲಿನ ವರ್ಕ್‌ಶಾಪುಗಳಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮಷೀನಿನ ಮುಂದೆ ನಿಂತವರು ದಿನವಿಡೀ ಮಾತಾಡುವುದು ನಿಮಿಷಕ್ಕೆ ಇಷ್ಟು ಮಿಲಿಮೀಟರ್ ಫೀಡ್, ಅಂದರೆ ಟೂಲ್ ಮುಂದೆ ಸಾಗುವ ವೇಗ, ಅಂತಲೇ. ಜಾಸ್ತಿ ಕೊಟ್ಟರೆ ಟೂಲ್ ಪಟ್ ಅಂತ ಮುರಿಯುತ್ತದೆ. ಅದೇ ಪೀಣ್ಯದಲ್ಲಿ ಉಪಗ್ರಹಗಳ ಮೇಲೆ ಕಣ್ಣಿಡುವ ಇಸ್ರೋದ ಕೇಂದ್ರ ಇಸ್ಟ್ರ್ಯಾಕ್ ಇದೆ, ಅವರದು ಸೆಕೆಂಡಿಗೆ ಕಿಲೋಮೀಟರ್ ಭಾಷೆ. ಒಂದೇ ಏರಿಯಾ, ಒಂದೇ ಧೂಳು, ಒಂದೇ ಟ್ರಾಫಿಕ್ಕು. ಆದರೂ ರಾಕೆಟ್ಟಿನ ವೇಗವನ್ನು ಫೀಡ್ ರೇಟಿನಲ್ಲಿ ಹೇಳಿ ಅಂತ ಅತ್ತಲಿಂದ ಇತ್ತ ಯಾರೂ ಹೋಗಿರಲಿಕ್ಕಿಲ್ಲ.

ಹೋಗಬಹುದಾಗಿದ್ದ ಸಂದರ್ಭ ಒಂದಿತ್ತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದು, ಪ್ರಗ್ಯಾನ್ ರೋವರ್ ಹೊರಗೆ ಬಂತಲ್ಲ, ಅದರ ವೇಗ ಸೆಕೆಂಡಿಗೆ 1 ಸೆಂಟಿಮೀಟರ್. ಅಂದರೆ ನಿಮಿಷಕ್ಕೆ 600 ಮಿಲಿಮೀಟರ್. ಮಷೀನಿನವರಿಗೆ ಇದು ಒಂದೇ ಸಲಕ್ಕೆ ಅರ್ಥವಾಗುವ, ಒಳ್ಳೇ ಫೀಡ್ ರೇಟು! ನೂರು ಮೀಟರ್ ದಾಟಿದೆ ಅಂತ ಇಸ್ರೋ ಹೇಳಿದ್ದು ಸೆಪ್ಟೆಂಬರ್ 2ಕ್ಕೆ. ಇಂಥ ಲೆಕ್ಕಕ್ಕೆ ಕನ್ವರ್ಟರ್ ಬೇಡ, ಬೆರಳು ಸಾಕು.

ಈಗ ಆ 67,20,00,000ಕ್ಕೆ ಬರೋಣ. ಏನು ಗತ್ತು ನೋಡಿ, ಒಂದು ಮಿಲಿಮೀಟರ್ ಕೂಡ ಆಚೀಚೆ ಇಲ್ಲ ಅನ್ನೋ ಹಾಗೆ. ಆದರೆ ಆ 11.2 ಅನ್ನುವುದೇ ದುಂಡು ಮಾಡಿದ ಅಂಕಿ. ಸ್ವಲ್ಪ ಸರಿಯಾಗಿ ಹೇಳಿದರೆ 11.186. ವ್ಯತ್ಯಾಸ ಸೆಕೆಂಡಿಗೆ 14 ಮೀಟರ್. ಗಂಟೆಗೆ 50 ಕಿಲೋಮೀಟರ್! 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗೋಕೆ ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕು ಅಂತ ಮ್ಯಾಪ್ ಕಂಪನಿ ಟಾಮ್‌ಟಾಮ್ ಲೆಕ್ಕ ಕೊಟ್ಟಿತ್ತು, ಗಂಟೆಗೆ 20 ಚಿಲ್ಲರೆ ಆಯ್ತು. ಅಂದರೆ ಕನ್ವರ್ಟರ್ ಕಣ್ಣಿಗೆ ಕಾಣದ ತಪ್ಪು ನಮ್ಮ ಕಾರಿನ ಎರಡು ಪಟ್ಟಿಗಿಂತ ಜೋರಾಗಿ ಓಡುತ್ತಿದೆ. ಮಂಗಳನ ಪುಟ್ಟ ಚಂದ್ರ ಫೋಬೋಸ್‌ನಿಂದ ತಪ್ಪಿಸಿಕೊಳ್ಳೋಕೆ ಗಂಟೆಗೆ 40 ಕಿ.ಮೀ. ಆಸುಪಾಸಿನ ವೇಗ ಸಾಕು, ಈ ತಪ್ಪು ಅಲ್ಲಿಂದಲೂ ಪರಾರಿಯಾಗಿಬಿಡುತ್ತದೆ.

ಅಸಲಿಗೆ ವಿಮೋಚನಾ ವೇಗ ಒಂದು ಅಳತೆಯ ಮಾನವೇ ಅಲ್ಲ. ಚಂದ್ರನ ಮೇಲೆ ಅದು ಸೆಕೆಂಡಿಗೆ 2.38 ಕಿ.ಮೀ., ಸೂರ್ಯನ ಮೇಲೆ 618ರ ಹತ್ತಿರ, ಭೂಮಿಯಿಂದಲೇ ಮೇಲೇರುತ್ತ ಹೋದರೆ ಕಮ್ಮಿಯಾಗುತ್ತದೆ. ಎತ್ತರಕ್ಕೆ ತಕ್ಕಂತೆ ಬದಲಾಗುವ ಮಾನ! ಸೀರೆ ಅಂಗಡಿಯವನ ಮೀಟರ್ ಕೋಲು ಎರಡನೇ ಮಹಡಿಯಲ್ಲಿ ಗಿಡ್ಡವಾದರೆ ಸುಮ್ನೆ ಇರುತ್ತೀರಾ? ಇಲ್ಲಿ ಮಾತ್ರ ಯಾರೂ ತಕರಾರು ಎತ್ತುವುದಿಲ್ಲ.

ಪರಿವರ್ತನೆ ನಿಜವಾಗಿ ಬೇಕಿದ್ದ ಕಡೆ ಆಗಿದ್ದೇ ಬೇರೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಹತ್ತಿರ ಹೋಗಿ ಕಳೆದೇ ಹೋಯಿತು. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು, ಇನ್ನೊಂದು ಕಡೆಯವರು ನ್ಯೂಟನ್ ಅಂತ ಓದಿಕೊಂಡರು. ಗುಣಿಸಬೇಕಿದ್ದದ್ದು 4.45ರಿಂದ, ಅಷ್ಟೇ. ಅದನ್ನು ಯಾರೂ ಮಾಡಲಿಲ್ಲ. ನಿಮಿಷಕ್ಕೆ ಎಷ್ಟು ಮಿಲಿಮೀಟರ್ ಅಂತ ಕೇಳಿದ್ದರೆ ಹತ್ತು ಅಂಕಿ ಸಿಗುತ್ತಿತ್ತೇನೋ.

ಅಂದ ಹಾಗೆ ಮೂರನೇ ಕಾಸ್ಮಿಕ್ ವೇಗವನ್ನು ಗಂಟೆಗೆ ಅಡಿಯಲ್ಲಿ ಲೆಕ್ಕ ಹಾಕಿಟ್ಟಿದ್ದೇನೆ: 19,72,44,094. ಪಾಯಿಂಟ್ ಆದ ಮೇಲೂ ಇದೆ, ಬೇಕಾದವರು ಕೇಳಿ.